ಎಸ್‌ಎಸ್‌ಡಿ ಕೊಳ್ಳುವ ಮುನ್ನ ಮದರ್‌ಬೋರ್ಡ್ ಸ್ಲಾಟ್ ನೋಡ್ರಿ

ಗುರುಮಠಕಲ್: ಕಂಪ್ಯೂಟರ್ ಸ್ಲೋ ಆತು ಅಂದ ಕೂಡಲೇ ‘ಎಸ್‌ಎಸ್‌ಡಿ ಹಾಕಸ್ರಿ’ ಅನ್ನೋ ಸಲಹೆ ಸಿಗುತ್ತದೆ. ಸಲಹೆ ತಪ್ಪಲ್ಲ. ಆದರೆ ಡಬ್ಬಿ ಮೇಲೆ ಸೆಕೆಂಡಿಗೆ 7,000 ಎಂಬಿ ಅಂತ ಬರೆದ ಡ್ರೈವ್ ಹಾಕಿದ ಮೇಲೂ ಅರ್ಧದಷ್ಟೇ ವೇಗ ಬರುವುದು, ಕೆಲವೊಮ್ಮೆ ಡ್ರೈವ್ ಕಾಣಿಸದೇ ಇರುವುದು ಉಂಟು. ಇದಕ್ಕೆ ಕಾರಣ ಬಹಳ ಸಲ ಮದರ್‌ಬೋರ್ಡಿನ ಸ್ಲಾಟ್. ಹೈದರಾಬಾದ್, ರಾಯಚೂರು ಕಡೆಯಿಂದ ಮಾಲು ತರಿಸುವವರು ತಪ್ಪು ಡ್ರೈವ್ ವಾಪಸ್ ಮಾಡಬೇಕಾದರೆ ಒಂದು ದಿನದ ದುಡಿಮೆ ಹೋದಂಗೇ.

ಝೆರಾಕ್ಸ್, ಡಿಟಿಪಿ ಅಂಗಡಿಗಳಲ್ಲಿ ಇನ್ನೂ ದುಡಿಯುತ್ತಿರುವ ಹಳೇ ಎಚ್61 ಬೋರ್ಡುಗಳಲ್ಲಿ ಎಂ.2 ಸ್ಲಾಟೇ ಇರುವುದಿಲ್ಲ. ಇರುವುದು ಸಾಟಾ ಪೋರ್ಟ್, ಅದೂ 3 ಜಿಬಿಪಿಎಸ್‌ನದು. ಸಾಟಾ ಎಸ್‌ಎಸ್‌ಡಿ ಸುಮಾರು 550 ಎಂಬಿ ಓಡಬಲ್ಲದು, ಈ ಪೋರ್ಟಿನಲ್ಲಿ 270ರ ಆಸುಪಾಸಿಗೆ ನಿಲ್ಲುತ್ತದೆ. ಎಚ್81 ಬೋರ್ಡಿನಲ್ಲಿ ಎರಡು ಪೋರ್ಟ್ 6 ಜಿಬಿಪಿಎಸ್, ಉಳಿದೆರಡು 3 ಜಿಬಿಪಿಎಸ್. ಕೇಬಲ್ ಯಾವುದಕ್ಕೆ ಚುಚ್ಚಿದ್ದಾರೆ ಅನ್ನೋದರ ಮೇಲೆ ವೇಗ ಅರ್ಧವಾದೀತು. ಬೋರ್ಡಿನ ಮೇಲೆ ಪೋರ್ಟಿನ ಪಕ್ಕ ಚಿಕ್ಕ ಅಕ್ಷರದಲ್ಲಿ ಹೆಸರು ಅಚ್ಚಾಗಿರುತ್ತದೆ, ಟಾರ್ಚ್ ಹಿಡಿದು ನೋಡಬೇಕು.

ಹೊಸ ಬೋರ್ಡುಗಳಲ್ಲಿ ಗೊಂದಲ ಹೆಚ್ಚು. ಎಂ.2 ಅನ್ನೋದು ಆಕಾರದ ಹೆಸರು ಅಷ್ಟೇ. ಅದೇ ಆಕಾರದಲ್ಲಿ ಸಾಟಾ ಡ್ರೈವೂ ಬರುತ್ತದೆ, ಎನ್‌ವಿಎಂಇ ಡ್ರೈವೂ ಬರುತ್ತದೆ. ಎನ್‌ವಿಎಂಇಗೆ ಮಾತ್ರ ಇರುವ ಸ್ಲಾಟಿನಲ್ಲಿ ಸಾಟಾ ಎಂ.2 ಸಲೀಸಾಗಿ ಕೂರುತ್ತದೆ, ಸ್ಕ್ರೂ ಕೂಡ ಬಿಗಿಯಾಗುತ್ತದೆ, ಬಯೋಸ್‌ನಲ್ಲಿ ಮಾತ್ರ ಕಾಣುವುದಿಲ್ಲ. ಗ್ರಾಹಕ ‘ಡ್ರೈವ್ ಡೆಡ್ ಐತಿ’ ಅಂತಾನೆ, ಅಂಗಡಿಯವ ‘ಚೆಕ್ ಮಾಡೇ ಕೊಟ್ಟೀನಿ’ ಅಂತಾನೆ. ಇಬ್ಬರದೂ ತಪ್ಪಿರುವುದಿಲ್ಲ.

ಎನ್‌ವಿಎಂಇ ಡ್ರೈವ್ ಕಂಡರೂ ಸ್ಲಾಟಿನ ತಲೆಮಾರು ಎಣಿಕೆಗೆ ಬರುತ್ತದೆ. ನಾಲ್ಕು ಲೇನ್ ಇರುವ ಪಿಸಿಐಇ 3.0 ಸ್ಲಾಟ್ ಸುಮಾರು 3,500 ಎಂಬಿ ಕೊಡುತ್ತದೆ, 4.0 ಸ್ಲಾಟ್ 7,000ದವರೆಗೆ. ಎರಡೇ ಲೇನ್ ಇದ್ದರೆ ಅದರ ಅರ್ಧ. ಎಚ್610 ಬೋರ್ಡಿನ ಎಂ.2 ಸ್ಲಾಟ್ 3.0 ದಾಟುವುದಿಲ್ಲ, ಅದಕ್ಕೆ ದುಬಾರಿ 4.0 ಡ್ರೈವ್ ಹಾಕಿದರೆ ಓಡುತ್ತದೆ, ಆದರೆ 3.0 ವೇಗದಲ್ಲಿ. ಪ್ರೊಸೆಸರ್ ಕೂಡ ಲೆಕ್ಕಕ್ಕುಂಟು. ಬಿ550 ಬೋರ್ಡಿನ ಮೊದಲ ಸ್ಲಾಟ್ 4.0 ಆದರೂ ರೈಜೆನ್ 5 5600ಜಿ ಕೂರಿಸಿದರೆ 3.0ಗೆ ಇಳಿಯುತ್ತದೆ. ಬಿ560ರಲ್ಲಿ ಇಂಟೆಲ್ 10ನೇ ತಲೆಮಾರಿನ ಪ್ರೊಸೆಸರ್ ಇದ್ದರೆ ಮೊದಲ ಎಂ.2 ಸ್ಲಾಟ್ ಸಾಮಾನ್ಯವಾಗಿ ಕೆಲಸವನ್ನೇ ಮಾಡುವುದಿಲ್ಲ, ಎರಡನೆಯದಕ್ಕೆ ಹಾಕಬೇಕು.

ಬೋರ್ಡಿನ ಹೆಸರು ತಿಳಿಯಲು ಪೆಟ್ಟಿಗೆ ಬಿಚ್ಚಬೇಕಿಲ್ಲ. ವಿಂಡೋಸ್‌ನಲ್ಲಿ ‘ಸಿಸ್ಟಂ ಇನ್ಫರ್ಮೇಶನ್’ ತೆರೆದರೆ ‘ಬೇಸ್‌ಬೋರ್ಡ್ ಪ್ರಾಡಕ್ಟ್’ ಎದುರು ಇರುತ್ತದೆ. ಆ ಹೆಸರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹುಡುಕಿ ‘ಸ್ಟೋರೇಜ್’ ಭಾಗ ಓದಬೇಕು. ಎಂ.2 ಬಳಸಿದರೆ ಯಾವ ಸಾಟಾ ಪೋರ್ಟ್ ಬಂದ್ ಆಗುತ್ತದೆ ಅನ್ನೋದೂ ಅಲ್ಲೇ ಇರುತ್ತದೆ. ಎಸ್‌ಎಸ್‌ಡಿ ಹಾಕಿದ ಮೇಲೆ ಹಳೇ ಹಾರ್ಡ್‌ಡಿಸ್ಕ್ ಕಾಣದಿದ್ದರೆ ಡೇಟಾ ಹೋಯಿತೆಂದು ಗಾಬರಿಯಾಗುವ ಮೊದಲು ಕೇಬಲ್ ಬೇರೆ ಪೋರ್ಟಿಗೆ ಬದಲಿಸಿ ನೋಡಬೇಕು.

ಈಗಾಗಲೇ ಹಾಕಿಸಿದವರು ‘ಕ್ರಿಸ್ಟಲ್ ಡಿಸ್ಕ್ ಇನ್ಫೋ’ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ‘ಟ್ರಾನ್ಸ್‌ಫರ್ ಮೋಡ್’ ನೋಡಬಹುದು. ಅಲ್ಲಿ ಎರಡು ಅಂಕಿ ಇರುತ್ತವೆ: ಮೊದಲನೆಯದು ಈಗ ಸಿಗುತ್ತಿರುವುದು, ಎರಡನೆಯದು ಡ್ರೈವಿನ ಶಕ್ತಿ. ಎರಡೂ ಬೇರೆ ಇದ್ದರೆ ಸ್ಲಾಟೋ ಪೋರ್ಟೋ ಪ್ರೊಸೆಸರೋ ಅಡ್ಡ ಬಂದಿದೆ ಎಂದರ್ಥ.

ಹಂಗಂತ ಎಲ್ಲರಿಗೂ 7,000 ಬೇಕಿಲ್ಲ. ನುಡಿಯಲ್ಲಿ ಟೈಪಿಂಗ್, ಬಿಲ್ಲಿಂಗ್, ಅರ್ಜಿ ತುಂಬುವ ಕೆಲಸಕ್ಕೆ ಸಾಟಾ ಎಸ್‌ಎಸ್‌ಡಿ ಧಾರಾಳ ಸಾಕು. ಹಾರ್ಡ್‌ಡಿಸ್ಕ್‌ನಿಂದ ಬಂದವರಿಗೆ ಎಚ್61ರ 270 ಎಂಬಿಯಲ್ಲೂ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಮದುವೆ ವಿಡಿಯೋ ಎಡಿಟ್ ಮಾಡುವ, ದೊಡ್ಡ ಫೈಲ್ ಕಾಪಿ ಮಾಡುವ ಸ್ಟುಡಿಯೋದವರಿಗೆ ಮಾತ್ರ ಎನ್‌ವಿಎಂಇ ಹಣಕ್ಕೆ ಅರ್ಥ ಉಂಟು. ಇನ್ನು ‘ಸರ್ವರ್ ಬಿಜಿ’ ಅಂತ ಬರುವ ಸರ್ಕಾರಿ ಪೋರ್ಟಲ್‌ಗಳಿಗೆ ಯಾವ ಎಸ್‌ಎಸ್‌ಡಿಯೂ ಮದ್ದಲ್ಲ.