ಕ್ಯಾಸನೂರು ಅರಣ್ಯವ್ಯಾಧಿಯ ನಿದಾನ: ಒಂದು ಐತಿಹಾಸಿಕ ವಿವೇಚನೆ

ರೋಗವೊಂದನ್ನು ಮೊದಲು ಗುರುತಿಸಿದವರಾರು ಎಂಬ ಪ್ರಶ್ನೆಗೆ ಪ್ರಯೋಗಶಾಲೆಯ ದಾಖಲೆಗಳು ಕೊಡುವ ಉತ್ತರ ಒಂದು. ಆ ರೋಗಕ್ಕೆ ಜನರಿಟ್ಟ ಹೆಸರು ಕೊಡುವ ಉತ್ತರ ಮತ್ತೊಂದು. ಕ್ಯಾಸನೂರು ಅರಣ್ಯವ್ಯಾಧಿಯ ಚರಿತ್ರೆಯಲ್ಲಿ ಇವೆರಡನ್ನೂ ಕೂಡಿಸಿ ಓದಬೇಕೆಂಬುದು ನಮ್ಮ ಅಭಿಪ್ರಾಯ.

1957ನೆಯ ಇಸವಿಯ ಮೊದಲ ತಿಂಗಳುಗಳಲ್ಲಿ, ಅಂದಿನ ಮೈಸೂರು ರಾಜ್ಯದ ಶಿವಮೊಗ್ಗ ಜಿಲ್ಲೆಗೆ ಸೇರಿದ ಸೊರಬ ತಾಲ್ಲೂಕಿನಲ್ಲಿ, ಕ್ಯಾಸನೂರು ಕಾಡಿನ ಸುತ್ತಣ ಹಳ್ಳಿಗರು ಅಪರಿಚಿತವಾದ ಜ್ವರವೊಂದಕ್ಕೆ ತುತ್ತಾದರು. ಜ್ವರ ಥಟ್ಟನೆ ಏರುತ್ತಿತ್ತು. ತೀವ್ರವಾದ ತಲೆನೋವು, ಮಾಂಸಖಂಡಗಳ ಸೆಳೆತ, ನಿತ್ರಾಣ. ಕೆಲವರಿಗೆ ಮೂಗು ಒಸಡುಗಳಿಂದ ರಕ್ತಸ್ರಾವ. ಮೊದಲಿಗೆ ಇದನ್ನು ವಿಷಮಶೀತಜ್ವರವೆಂದು, ಎಂದರೆ ಟೈಫಾಯ್ಡ್ ಎಂದು, ಶಂಕಿಸಲಾಯಿತು. ಆದರೆ ಅದೇ ಕಾಲದಲ್ಲಿ ಕಾಡಿನಲ್ಲಿ ಮುಸುವಗಳೂ ಮಂಗಗಳೂ ಸತ್ತು ಬೀಳುತ್ತಿದ್ದುದನ್ನು ಹಳ್ಳಿಗರು ಕಂಡಿದ್ದರು. ಅವರು ಈ ಜ್ವರವನ್ನು ‘ಮಂಗನ ಕಾಯಿಲೆ’ ಎಂದು ಕರೆದರು. ಮನುಷ್ಯನ ಜ್ವರಕ್ಕೂ ಮಂಗದ ಸಾವಿಗೂ ಸಂಬಂಧವುಂಟೆಂಬ ನಿರ್ಣಯ ಆ ಹೆಸರಿನಲ್ಲಿಯೇ ಅಡಕವಾಗಿದೆ.

1952ರಲ್ಲಿ ರಾಕ್‌ಫೆಲ್ಲರ್ ಪ್ರತಿಷ್ಠಾನದ ಸಹಯೋಗದಿಂದ ಪುಣೆಯಲ್ಲಿ ಸ್ಥಾಪಿತವಾಗಿದ್ದ ವೈರಸ್ ಸಂಶೋಧನ ಕೇಂದ್ರಕ್ಕೆ ಈ ವಾರ್ತೆ ತಲುಪಿದಾಗ ಹುಟ್ಟಿದ ಆತಂಕ ಬೇರೆ ಬಗೆಯದು. ಮಧ್ಯ ಅಮೆರಿಕದ ಕಾಡುಗಳಲ್ಲಿ ಮಂಗಗಳ ಸಾಮೂಹಿಕ ಮರಣವು ಹಳದಿ ಜ್ವರದ ಮುನ್ಸೂಚನೆಯಾಗಿತ್ತು. ಏಷ್ಯಾ ಖಂಡದಲ್ಲಿ ಆ ಜ್ವರವಿಲ್ಲ. ಅದನ್ನು ಹರಡಬಲ್ಲ ಸೊಳ್ಳೆಯಾದರೋ ಭಾರತದಲ್ಲಿ ಧಾರಾಳವಾಗಿದೆ. ಟೆಲ್‌ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೋ ಮೊದಲಾದ ವಿಜ್ಞಾನಿಗಳು ಶೀಘ್ರವಾಗಿ ಕಾಡನ್ನು ಹೊಕ್ಕದ್ದಕ್ಕೆ ಈ ಭೀತಿಯೇ ಕಾರಣವಾಯಿತು. ಊಹೆ ಸುಳ್ಳಾಯಿತು, ಆದರೆ ಆ ಸುಳ್ಳು ಊಹೆಯಿಲ್ಲದಿದ್ದರೆ ನಿಜವಾದ ನಿದಾನ ಇನ್ನೆಷ್ಟು ತಡವಾಗುತ್ತಿತ್ತೋ ಹೇಳಬರುವಂತಿಲ್ಲ.

ಎಳೆಯ ಇಲಿಮರಿಗಳಿಗೆ ಚುಚ್ಚಿ ಪ್ರತ್ಯೇಕಿಸಿದ ವೈರಸ್ಸು ಹಳದಿ ಜ್ವರದ್ದಲ್ಲ, ರಷ್ಯಾ ದೇಶದಲ್ಲಿ ಉಣ್ಣೆಗಳಿಂದ ಹರಡುವ ಮಿದುಳುಜ್ವರದ ವೈರಸ್ಸಿನ ಸಮೀಪಬಂಧು ಎಂದು ಸಿದ್ಧಪಟ್ಟಿತು. ಸೈಬೀರಿಯದ ವಲಸೆ ಹಕ್ಕಿಗಳು ಇದನ್ನು ಹೊತ್ತು ತಂದಿರಬಹುದೆ ಎಂಬ ಸಂದೇಹದಿಂದ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನೊಡನೆ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಕಾರ್ಯವೂ ನಡೆಯಿತು. ಅದರಿಂದ ಪಕ್ಷಿಶಾಸ್ತ್ರಕ್ಕೆ ಆದ ಲಾಭವೇ ಹೆಚ್ಚು.

ಇಷ್ಟರಲ್ಲಿ ವಾಹಕವೂ ಸಿಕ್ಕಿತು. ಮಲೆನಾಡಿಗರು ಉಣುಗು ಎನ್ನುವ ಕಾಡಿನ ಉಣ್ಣೆಯೇ ಅದು. ಬಲಿತ ಉಣ್ಣೆ ದನಕರುಗಳ ರಕ್ತದಿಂದ ವೃದ್ಧಿಯಾಗುತ್ತದೆ, ಅದರ ಎಳೆಯ ಅವಸ್ಥೆ ಬೇಸಿಗೆಯಲ್ಲಿ ಮನುಷ್ಯನನ್ನು ಕಚ್ಚುತ್ತದೆ. ದರಗು, ಸೌದೆ, ಮೇವುಗಳಿಗಾಗಿ ಕಾಡಿಗೆ ಹೋಗಲೇಬೇಕಾದ ಬಡವರೇ ಹೆಚ್ಚಾಗಿ ಬಲಿಯಾದುದಕ್ಕೆ ಇದೇ ಕಾರಣ. ಜನರಿಟ್ಟ ಹೆಸರಿನ ಕೊರತೆಯೂ ಇಲ್ಲಿ ಕಾಣುತ್ತದೆ: ಮಂಗವು ಮನುಷ್ಯನಂತೆಯೇ ರೋಗಿ, ಅಪರಾಧಿಯಲ್ಲ. ಆದರೆ ಸತ್ತ ಮಂಗ ಕಂಡೊಡನೆ ವರದಿ ಮಾಡಬೇಕೆಂಬ ಇಂದಿನ ಸರಕಾರಿ ಕ್ರಮದ ಮೂಲ ಹಳ್ಳಿಗರ ಆ ಅವಲೋಕನವೇ.

ನಿದಾನದ ವೇಗ ಚಿಕಿತ್ಸೆಗೆ ಬರಲಿಲ್ಲ. ರಷ್ಯಾದ ವ್ಯಾಧಿಗೆಂದಿದ್ದ ಲಸಿಕೆಯನ್ನು ಮಲೆನಾಡಿನಲ್ಲಿ ಪ್ರಯೋಗಿಸಲಾಯಿತು, ರಕ್ಷಣೆ ದೊರೆಯಲಿಲ್ಲ. ಮುಂದೆ ಇದೇ ವೈರಸ್ಸಿನಿಂದ ತಯಾರಿಸಿದ ಲಸಿಕೆ ದಶಕಗಳ ಕಾಲ ಬಳಕೆಯಲ್ಲಿತ್ತಾದರೂ ಅದರ ರಕ್ಷಣೆ ಅಲ್ಪಕಾಲಿಕವೂ ಅಪೂರ್ಣವೂ ಆಗಿತ್ತು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ವ್ಯಾಧಿ ಮತ್ತೆ ಪ್ರಾಣಗಳನ್ನು ಬಲಿ ತೆಗೆದುಕೊಂಡಾಗ, ವೈದ್ಯರ ಬಳಿ ಈ ವೈರಸ್ಸನ್ನು ಕೊಲ್ಲುವ ಔಷಧವಿರಲಿಲ್ಲ. ದ್ರವಪೂರಣ, ಜ್ವರಶಮನ, ರಕ್ತಸ್ರಾವದ ನಿಗಾ, ಇವಷ್ಟೇ ಇದ್ದುವು.