ಸೇನೆಯ ಹಳೆಯ ರೈಫಲುಗಳು (ಕರ್ನಾಟಕ)

ಸೈನ್ಯವು ಹೊಸ ಮಾದರಿಯ ಆಯುಧವನ್ನು ಸ್ವೀಕರಿಸಿದಾಗ ಸೇವೆಯಿಂದ ತೆಗೆದುಹಾಕುವ, ಆದರೆ ಗುಂಡು ಹಾರಿಸುವ ಶಕ್ತಿಯನ್ನು ಇನ್ನೂ ಉಳಿಸಿಕೊಂಡಿರುವ ರೈಫಲುಗಳನ್ನು ಸೇನೆಯ ಹಳೆಯ ರೈಫಲುಗಳು ಎನ್ನಲಾಗುತ್ತದೆ. ಇಂತಹವನ್ನು ಕೊಂಡು ಸಂಗ್ರಹಿಸುವುದು ಮತ್ತು ಅವುಗಳಿಂದ ಗುರಿ ಹೊಡೆಯುವುದು ಅಮೆರಿಕ, ಬ್ರಿಟನ್ ಮೊದಲಾದ ದೇಶಗಳಲ್ಲಿ ಪ್ರಚಲಿತವಾದ ಹವ್ಯಾಸ. ಭಾರತದಲ್ಲಿ ಇದು ಬಹುಮಟ್ಟಿಗೆ ಅಸಾಧ್ಯ. ಇಲ್ಲಿ ಸೇನೆಯ ಹಳೆಯ ರೈಫಲು ಪೊಲೀಸರ ಕೈಗೆ ಹೋಗುತ್ತದೆಯೇ ಹೊರತು ನಾಗರಿಕನ ಮನೆಗೆ ಬರುವುದಿಲ್ಲ. ಈ ಸ್ಥಿತಿಯ ಮೂಲವನ್ನು ಹುಡುಕಿದರೆ 1857ರ ನಿಶ್ಶಸ್ತ್ರೀಕರಣ ಕಾಯಿದೆಗೂ, ಅದನ್ನು ವಿರೋಧಿಸಿದ ಇಂದಿನ ಬಾಗಲಕೋಟೆ ಜಿಲ್ಲೆಯ ಹಲಗಲಿ ಗ್ರಾಮಕ್ಕೂ ಬಂದು ನಿಲ್ಲಬೇಕಾಗುತ್ತದೆ.

ಹಲಗಲಿ, 1857

ಸಿಪಾಯಿಗಳ ದಂಗೆ ಉತ್ತರ ಭಾರತದಲ್ಲಿ ಹಬ್ಬಿದಾಗ ಕಂಪನಿ ಸರ್ಕಾರವು ಜನರ ಬಳಿಯ ಆಯುಧಗಳ ಮೇಲೆ ಕಣ್ಣಿಟ್ಟಿತು. 1857ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ಕಾಯಿದೆಯಂತೆ ಆಯುಧ ಹೊಂದಿದವರು ಅವುಗಳನ್ನು ನೋಂದಾಯಿಸಿ ಪರವಾನಗಿ ಪಡೆಯಬೇಕಾಯಿತು. ಮುಧೋಳ ಸಂಸ್ಥಾನಕ್ಕೆ ಸೇರಿದ್ದ ಹಲಗಲಿಯ ಬೇಡರಿಗೆ ಈ ಆಜ್ಞೆ ಅಪಮಾನಕರವಾಗಿ ಕಂಡಿತು. ಬೇಟೆ ಅವರ ಕುಲವೃತ್ತಿ, ಕತ್ತಿ ಬಂದೂಕುಗಳು ಆ ವೃತ್ತಿಯ ಉಪಕರಣಗಳು. ಬಡಗಿಯಿಂದ ಬಾಚಿಯನ್ನು ಕಿತ್ತುಕೊಂಡರೆ ಅವನ ಪಾಡೇನೋ ಅವರ ಪಾಡೂ ಅದೇ ಆಗುತ್ತಿತ್ತು. ಹನುಮ, ಬಾಲ, ಜಡಗ, ರಾಮ ಎಂಬ ನಾಯಕರ ಮುಂದಾಳತ್ವದಲ್ಲಿ ಊರು ಆಯುಧ ಒಪ್ಪಿಸಲು ನಿರಾಕರಿಸಿತು. ಆ ವರ್ಷದ ನವೆಂಬರ್ ಕೊನೆಯಲ್ಲಿ ಬ್ರಿಟಿಷ್ ದಂಡು ಹಲಗಲಿಯನ್ನು ಮುತ್ತಿ ಮನೆಗಳಿಗೆ ಬೆಂಕಿಯಿಟ್ಟಿತು. ಅನೇಕರು ಹೋರಾಟದಲ್ಲಿ ಸತ್ತರು, ಸೆರೆ ಸಿಕ್ಕವರಲ್ಲಿ ಹಲವರನ್ನು ಡಿಸೆಂಬರಿನಲ್ಲಿ ಗಲ್ಲಿಗೇರಿಸಲಾಯಿತು.

ಈ ಘಟನೆಯನ್ನು ಕುರಿತ ಲಾವಣಿಯನ್ನು ಜೆ. ಎಫ್. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯೇ ಸಂಗ್ರಹಿಸಿ ಪ್ರಕಟಿಸಿದನು. ಅದು ಮುಂದೆ ಹತ್ತನೆಯ ತರಗತಿಯ ಕನ್ನಡ ಪಠ್ಯದಲ್ಲಿ ಸೇರಿ ಸಾವಿರಾರು ಮಕ್ಕಳಿಗೆ ಪರಿಚಿತವಾಯಿತು. ಪಾಠದಲ್ಲಿ ಬೇಡರ ಶೌರ್ಯಕ್ಕೆ ದೊರೆಯುವಷ್ಟು ಗಮನ, ಹೋರಾಟಕ್ಕೆ ಕಾರಣವಾದ ಕಾಯಿದೆಗೆ ದೊರೆಯುವುದಿಲ್ಲ. ಆ ಕಾಯಿದೆಯ ಸಂತತಿ ಇಂದಿಗೂ ಜಾರಿಯಲ್ಲಿದೆ.

ಕಾಯಿದೆಯ ಬೆಳವಣಿಗೆ

ವೈಸ್‌ರಾಯ್ ಲಿಟನ್ನನ ಕಾಲದ 1878ರ ಶಸ್ತ್ರಾಸ್ತ್ರ ಕಾಯಿದೆಯು ಭಾರತೀಯರಿಗೆ ಪರವಾನಗಿಯನ್ನು ಕಡ್ಡಾಯಗೊಳಿಸಿ, ಯುರೋಪಿಯನ್ನರಿಗೆ ವಿನಾಯಿತಿ ನೀಡಿತು. ಗಾಂಧೀಜಿಯವರು ಇದನ್ನು ಕಟುವಾಗಿ ಟೀಕಿಸಿದ್ದರು. 1931ರ ಕರಾಚಿ ಕಾಂಗ್ರೆಸ್ ಅಧಿವೇಶನದ ಮೂಲಭೂತ ಹಕ್ಕುಗಳ ನಿರ್ಣಯದಲ್ಲಿ, ನಿಯಮಗಳಿಗೊಳಪಟ್ಟು ಆಯುಧ ಹೊಂದುವ ಹಕ್ಕೂ ಸೇರಿತ್ತು. ಸ್ವತಂತ್ರ ಭಾರತದ ಸಂವಿಧಾನದಲ್ಲಿ ಆ ಹಕ್ಕು ಸ್ಥಾನ ಪಡೆಯಲಿಲ್ಲ. ಅದರ ಬದಲು 1959ರ ಶಸ್ತ್ರಾಸ್ತ್ರ ಅಧಿನಿಯಮ ಬಂದಿತು. ಜನಾಂಗಭೇದ ಹೋಯಿತು, ಪರವಾನಗಿ ಉಳಿಯಿತು.

ಸಂಗ್ರಾಹಕನ ದೃಷ್ಟಿಯಿಂದ ಮುಖ್ಯವಾದುದು ಈ ಅಧಿನಿಯಮದಡಿ ರೂಪಿಸಿದ ನಿಯಮಗಳ ‘ನಿಷೇಧಿತ ಬೋರ್’ ಎಂಬ ವರ್ಗ. ಸೇನೆಯ ತೋಟಾಗಳನ್ನು ಹಾರಿಸಬಲ್ಲ .303 ಮತ್ತು 7.62 ಮಿ.ಮೀ. ರೈಫಲುಗಳು, .410 ಮಸ್ಕೆಟುಗಳು ಇದರಲ್ಲಿ ಸೇರುತ್ತವೆ. ಇವನ್ನು ಹೊಂದಲು ಕೇಂದ್ರ ಸರ್ಕಾರದ ವಿಶೇಷ ಅನುಮತಿ ಬೇಕು. ಜಿಲ್ಲಾಧಿಕಾರಿ ನೀಡುವ ಸಾಮಾನ್ಯ ಪರವಾನಗಿ ಸಾಲದು. ಅನುಮತಿಯಿಲ್ಲದೆ ನಿಷೇಧಿತ ಆಯುಧ ಇಟ್ಟುಕೊಂಡವರಿಗೆ 2019ರ ತಿದ್ದುಪಡಿಯ ನಂತರ ಕನಿಷ್ಠ 7 ವರ್ಷಗಳ ಸೆರೆವಾಸವಿದೆ. ಅದೇ ತಿದ್ದುಪಡಿಯು ಒಬ್ಬ ವ್ಯಕ್ತಿ ಹೊಂದಬಹುದಾದ ಬಂದೂಕುಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ಎರಡು ಬಂದೂಕುಗಳನ್ನು ‘ಸಂಗ್ರಹ’ ಎಂದು ಕರೆಯುವುದು ಕಷ್ಟ.

ತ್ರೀ ನಾಟ್ ತ್ರೀ

ಭಾರತದಲ್ಲಿ ಸೇನೆಯ ಹಳೆಯ ರೈಫಲು ಎಂದೊಡನೆ ನೆನಪಾಗುವುದು ಜನರ ಬಾಯಲ್ಲಿ ‘ತ್ರೀ ನಾಟ್ ತ್ರೀ’ ಆದ ಲೀ-ಎನ್‌ಫೀಲ್ಡ್. ನಳಿಗೆಯ ಒಳವ್ಯಾಸ 0.303 ಅಂಗುಲವಿದ್ದುದರಿಂದ ಈ ಹೆಸರು. 1895ರಲ್ಲಿ ಬ್ರಿಟಿಷ್ ಸೈನ್ಯ ಇದನ್ನು ಸ್ವೀಕರಿಸಿತು. 1907ರ ಮಾದರಿಯು ಎರಡು ಮಹಾಯುದ್ಧಗಳಲ್ಲಿಯೂ ಬಳಕೆಯಾಯಿತು. ಪ್ರತಿ ಗುಂಡಿನ ನಂತರ ಬೋಲ್ಟನ್ನು ಕೈಯಿಂದ ಎತ್ತಿ, ಹಿಂದಕ್ಕೆಳೆದು, ಮುಂದಕ್ಕೆ ತಳ್ಳಬೇಕು. ಮ್ಯಾಗಜೀನಿನಲ್ಲಿ 10 ತೋಟಾಗಳು ಹಿಡಿಯುತ್ತವೆ. ಬಂಗಾಳದ ಇಚಾಪುರ ಕಾರ್ಖಾನೆಯಲ್ಲಿ ಇದರ ತಯಾರಿಕೆ ಸ್ವಾತಂತ್ರ್ಯಾನಂತರವೂ ಮುಂದುವರಿಯಿತು.

1962ರ ಚೀನಾ ಯುದ್ಧದಲ್ಲಿ ಭಾರತೀಯ ಯೋಧರ ಕೈಯಲ್ಲಿದ್ದುದು ಮುಖ್ಯವಾಗಿ ಇದೇ ರೈಫಲು. ಆ ಯುದ್ಧದ ಅನುಭವದಿಂದ ಸ್ವಯಂ ತುಂಬಿಕೊಳ್ಳುವ 7.62 ಮಿ.ಮೀ. ರೈಫಲುಗಳ ಕಡೆಗೆ ಸೇನೆ ಹೊರಳಿತು. ಹೊಸ ರೈಫಲುಗಳು ಸಾಕಷ್ಟು ದೊರೆಯುವವರೆಗೆ ಹಳೆಯ ವಿನ್ಯಾಸವನ್ನೇ ಹೊಸ ತೋಟಾಕ್ಕೆ ಹೊಂದಿಸಿ ಇಚಾಪುರದಲ್ಲಿ ‘2ಎ’ ಮತ್ತು ‘2ಎ1’ ಎಂಬ ಮಾದರಿಗಳನ್ನು ತಯಾರಿಸಲಾಯಿತು. ಇವುಗಳ ಮ್ಯಾಗಜೀನಿನಲ್ಲಿ 12 ತೋಟಾಗಳಿಗೆ ಸ್ಥಳವಿತ್ತು.

ಸೇನೆ ಕೈಬಿಟ್ಟ .303 ರೈಫಲುಗಳು ಪೊಲೀಸ್ ಠಾಣೆಗಳಲ್ಲಿ ದಶಕಗಳ ಕಾಲ ಬಾಳಿದವು. ಉತ್ತರ ಪ್ರದೇಶದ ಪೊಲೀಸರು ಇವುಗಳಿಗೆ ವಿಧ್ಯುಕ್ತವಾಗಿ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದಂದು. ಈ ನಡುವೆ ಇಚಾಪುರದ 2ಎ1 ರೈಫಲುಗಳು ಅಮೆರಿಕದ ಮಾರುಕಟ್ಟೆಯನ್ನು ಸೇರಿ, ಅಲ್ಲಿನ ಹವ್ಯಾಸಿಗಳ ಸಂಗ್ರಹದ ವಸ್ತುಗಳಾದವು. ಭಾರತದ ಕಾರ್ಖಾನೆಯಲ್ಲಿ ಹುಟ್ಟಿದ ರೈಫಲನ್ನು ಅಮೆರಿಕದ ನಿವೃತ್ತ ಗುಮಾಸ್ತನೊಬ್ಬ ಭಾನುವಾರ ಹಾರಿಸಬಹುದು, ಅದನ್ನು ತಯಾರಿಸಿದ ಕಾರ್ಮಿಕ ಹಾರಿಸುವಂತಿಲ್ಲ.

.303ಕ್ಕೆ ಬದಲಾಗಿ ಭಾರತೀಯ ನಾಗರಿಕನಿಗೆ ದೊರೆಯುವುದು .315 ಬೋರಿನ ‘ಸ್ಪೋರ್ಟಿಂಗ್’ ರೈಫಲು. ಅದರ ಯಂತ್ರಭಾಗ ಲೀ-ಎನ್‌ಫೀಲ್ಡ್ ವಂಶದ್ದೇ. ಸೇನೆಯ ತೋಟಾ ಅದರೊಳಗೆ ಉಪಯೋಗವಾಗಬಾರದೆಂಬ ಕಾರಣಕ್ಕಾಗಿ ಬೋರನ್ನು ಬೇರೆಯಾಗಿಸಲಾಗಿದೆ.

ಕೊಡಗು

ಕರ್ನಾಟಕದಲ್ಲಿ ಕೊಡಗಿನ ಸ್ಥಿತಿ ಭಿನ್ನ. ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ 1861ರಲ್ಲಿ ಬ್ರಿಟಿಷರು ಆಯುಧ ಕಾಯಿದೆಯಿಂದ ವಿನಾಯಿತಿ ನೀಡಿದರು. ಹಲಗಲಿಯ ನೇಣುಗಂಬಗಳ ನಂತರ ನಾಲ್ಕೇ ವರ್ಷಗಳಲ್ಲಿ ಬಂದ ಈ ಆದೇಶವು ನಿಷ್ಠೆಗೆ ಸಂದ ಬಹುಮಾನವಾಗಿತ್ತು. ಸ್ವಾತಂತ್ರ್ಯಾನಂತರ 1963ರಲ್ಲಿ ಭಾರತ ಸರ್ಕಾರ ಅದನ್ನು ಮುಂದುವರಿಸಿತು. 2019ರಲ್ಲಿ ಮತ್ತೆ 10 ವರ್ಷಗಳಿಗೆ ವಿಸ್ತರಿಸಲಾಯಿತು. ಇದು ಸಮಾನತೆಗೆ ವಿರುದ್ಧವೆಂಬ ವಾದವನ್ನು ಕರ್ನಾಟಕ ಉಚ್ಚ ನ್ಯಾಯಾಲಯವು 2021ರಲ್ಲಿ ತಳ್ಳಿಹಾಕಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೊಡವರು ಕೋವಿಗೆ ಪೂಜೆ ಸಲ್ಲಿಸುತ್ತಾರೆ.

ಬಾಗಲಕೋಟೆ ಜಿಲ್ಲೆಯಲ್ಲಿ ಇಂದಿನ ಸ್ಥಿತಿ

ಹುನಗುಂದ, ಬಾದಾಮಿ, ಇಳಕಲ್ ಭಾಗಗಳಲ್ಲಿಯೂ ನವರಾತ್ರಿಯ ಖಂಡೇಪೂಜೆಯ ದಿನ ಆಯುಧಗಳನ್ನು ಪೂಜಿಸುವ ರೂಢಿಯಿದೆ. ಆದರೆ ಇಲ್ಲಿನ ರೈತನಿಗೆ ಕೊಡಗಿನ ವಿನಾಯಿತಿ ಇಲ್ಲ. ಬೆಳೆರಕ್ಷಣೆಗಾಗಿ ಬಾಯಿಯಿಂದ ಮದ್ದು ತುಂಬುವ ಬಂದೂಕಿಗೆ, ಆತ್ಮರಕ್ಷಣೆಗೆ ನುಣುಪು ನಳಿಗೆಯ ಬಂದೂಕಿಗೆ ಅವನು ಅರ್ಜಿ ಹಾಕಬಹುದು. ಚುನಾವಣೆ ಘೋಷಣೆಯಾದಾಗ ಪರವಾನಗಿ ಇರುವ ಆಯುಧಗಳನ್ನೂ ಠಾಣೆಯಲ್ಲಿ ಒಪ್ಪಿಸುವಂತೆ ಜಿಲ್ಲಾಡಳಿತ ಆದೇಶಿಸುವುದುಂಟು. ಫಲಿತಾಂಶದ ನಂತರ ಅವು ಮರಳಿ ದೊರೆಯುತ್ತವೆ. ಗುರಿ ಹೊಡೆಯುವ ಆಸಕ್ತಿಯುಳ್ಳ ವಿದ್ಯಾರ್ಥಿಗಳಿಗೆ ಎನ್‌ಸಿಸಿಯ .22 ರೈಫಲು ಒಂದು ದಾರಿ. 0.177 ಅಂಗುಲ ಮೀರದ, 20 ಜೂಲ್‌ಗಿಂತ ಕಡಿಮೆ ಶಕ್ತಿಯ ಏರ್ ರೈಫಲಿಗೆ 2016ರ ನಿಯಮಗಳ ಪ್ರಕಾರ ಪರವಾನಗಿ ಬೇಕಿಲ್ಲ.

ಅಟ್ಟದಲ್ಲಿ ಸಿಕ್ಕ ಬಂದೂಕು

ಹಳೆಯ ವಾಡೆಗಳನ್ನು ಕೆಡವುವಾಗ ಅಜ್ಜನ ಕಾಲದ ಬಂದೂಕು ದೊರೆತರೆ ಏನು ಮಾಡಬೇಕೆಂಬುದು ಸಂಗ್ರಹಕ್ಕಿಂತ ಹೆಚ್ಚು ವಾಸ್ತವವಾದ ಪ್ರಶ್ನೆ. 1959ರ ಅಧಿನಿಯಮದ 45ನೆಯ ಕಲಮು ಬಳಕೆ ತಪ್ಪಿದ ಮಾದರಿಯ, ಪ್ರಾಚೀನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧಗಳಿಗೆ ವಿನಾಯಿತಿ ನೀಡುತ್ತದೆ. ಆದರೆ ಆ ಆಯುಧವು ದುರಸ್ತಿ ಮಾಡಿದರೂ ಮಾಡದಿದ್ದರೂ ಗುಂಡು ಹಾರಿಸಲಾರದಂತಿರಬೇಕು. ‘ತುಕ್ಕು ಹಿಡಿದಿದೆ’ ಎಂಬುದು ಸಮರ್ಥನೆಯಾಗುವುದಿಲ್ಲ, ಏಕೆಂದರೆ ತುಕ್ಕು ಉಜ್ಜಿದರೆ ಹೋಗುತ್ತದೆ. ಪರವಾನಗಿದಾರನು ತೀರಿಕೊಂಡು ವಾರಸುದಾರರಿಗೆ ಪರವಾನಗಿ ಇಲ್ಲದಿದ್ದರೆ 21ನೆಯ ಕಲಮಿನಂತೆ ಬಂದೂಕನ್ನು ವಿಳಂಬವಿಲ್ಲದೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಹೊಂದಿದ ವ್ಯಾಪಾರಿಯಲ್ಲಿ ಠೇವಣಿ ಇಟ್ಟು ರಸೀದಿ ಪಡೆಯಬೇಕು. ನಂತರ ವಾರಸುದಾರರು ಸ್ವಂತ ಹೆಸರಿನಲ್ಲಿ ಪರವಾನಗಿಗೆ ಅರ್ಜಿ ಸಲ್ಲಿಸಬಹುದು. ಪರವಾನಗಿ ದೊರೆತರೆ ಬಂದೂಕು ಮರಳುತ್ತದೆ. ನಿಗದಿತ ಅವಧಿ ಮೀರಿದರೆ ಜಿಲ್ಲಾ ದಂಡಾಧಿಕಾರಿಯ ಆದೇಶದಿಂದ ಅದು ಸರ್ಕಾರದ ಸ್ವತ್ತಾಗುತ್ತದೆ.