ಒಂದು ಕೋವಿ, ಮೂರು ಜಿಲ್ಲೆಗಳ ಮೊಹರು

ಉಪ್ಪ ತೀರಿಕೊಂಡು ಹದಿನೈದು ದಿನ ಆಗಿತ್ತು. ಬಂದುಹೋಗುವವರ ಗದ್ದಲ ಕಡಿಮೆಯಾದ ಮೇಲೆ ಉಮ್ಮ ನನ್ನನ್ನು ಒಳಗೆ ಕರೆದು, "ಆ ಬೆಡಿಯನ್ನು ಏನು ಮಾಡುವುದು ಮೋನೇ?" ಎಂದು ಕೇಳಿದರು. ಬೆಡಿ ಎಂದರೆ ಕೋವಿ. ಮಲಯಾಳದ 'ವೆಡಿ' ನಮ್ಮ ಬ್ಯಾರಿ ಬಾಯಲ್ಲಿ 'ಬೆಡಿ' ಆಗುತ್ತದೆ. ತುಳುವಿನಲ್ಲೂ ಅದು ಬೆಡಿಯೇ. ಕುಂಬಳೆ ದೇವಸ್ಥಾನದ ಜಾತ್ರೆಯ ಸುಡುಮದ್ದಿಗೂ ಊರಿನವರೆಲ್ಲ 'ಕುಂಬಳೆ ಬೆಡಿ' ಎಂದೇ ಹೇಳುವುದು. ಶಬ್ದಕ್ಕೆ ಜಾತಿಯೂ ಇಲ್ಲ, ಗಡಿಯೂ ಇಲ್ಲ.

ಲೈಸನ್ಸ್ ಇದ್ದವರು ತೀರಿಕೊಂಡರೆ ಕೋವಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಠಾಣೆಗೋ ಪರವಾನಗಿ ಇರುವ ಕೋವಿ ಅಂಗಡಿಗೋ ಒಪ್ಪಿಸಬೇಕು. ಆಮೇಲೆ ವಾರಸುದಾರರಲ್ಲಿ ಒಬ್ಬರು ಲೈಸನ್ಸಿಗೆ ಅರ್ಜಿ ಹಾಕಬಹುದು, ಇಲ್ಲವೇ ಲೈಸನ್ಸ್ ಇರುವ ಇನ್ನೊಬ್ಬರಿಗೆ ಮಾರಬಹುದು. ನಾನು ಮರುದಿನವೇ ಠಾಣೆಗೆ ಕೊಂಡುಹೋಗಿ ಕೊಟ್ಟು ರಶೀದಿ ತಂದೆ. ರಶೀದಿಯನ್ನು ಇಡಲೆಂದು ಉಪ್ಪನ ತಗಡಿನ ಪೆಟ್ಟಿಗೆ ತೆರೆದಾಗ ಒಂದು ಬಟ್ಟೆಯಲ್ಲಿ ಕಟ್ಟಿಟ್ಟ ಮೂರು ಲೈಸನ್ಸ್ ಪುಸ್ತಕಗಳು ಸಿಕ್ಕಿದವು. ಈ ಲೇಖನ ಆ ಮೂರು ಪುಸ್ತಕಗಳ ಕಥೆ.

ನಮ್ಮ ಮನೆ ಪೆರ್ಲದ ಹತ್ತಿರ. ಪೆರ್ಲ ಪೇಟೆಯ ಹೋಟೆಲಿನಲ್ಲಿ ಕುಳಿತರೆ ಕನ್ನಡ, ತುಳು, ಬ್ಯಾರಿ, ಹವ್ಯಕ, ಮರಾಟಿ, ಮಲಯಾಳ ಎಲ್ಲವೂ ಅರ್ಧ ಗಂಟೆಯೊಳಗೆ ಕಿವಿಗೆ ಬೀಳುತ್ತವೆ. ನಾನು ಸಣ್ಣವನಿರುವಾಗ ಉಪ್ಪನ ಜೊತೆ ಅಲ್ಲಿಗೆ ಹೋದರೆ ಒಂದು ಮೂಲೆಯ ಬೆಂಚು ಕೋವಿ ಇರುವವರದ್ದು. ಅಡಿಕೆಯ ರೇಟು ಮುಗಿದ ಕೂಡಲೇ ಅವರ ಪಟ್ಟಾಂಗ ಕೋವಿಗೆ ತಿರುಗುತ್ತಿತ್ತು. ಶಿಕಾರಿಯ ಬಡಾಯಿ ಇರುತ್ತಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಹೆಚ್ಚಿನ ಮಾತು ಹಾರೆ, ಕತ್ತಿ, ಪಂಪುಸೆಟ್ಟಿನ ಬಗ್ಗೆ ಆಡುವಂಥದ್ದೇ. ಮಳೆಗಾಲದಲ್ಲಿ ಕಾಗದದ ತೋಟೆ ಥಂಡಿಗೆ ಉಬ್ಬಿ ನಳಿಗೆಯೊಳಗೆ ಹೋಗುವುದಿಲ್ಲ, ಏನು ಮಾಡುವುದು? ತೆಂಗಿನೆಣ್ಣೆ ಹಾಕಬೇಡಿ, ಅಂಟುಗಟ್ಟುತ್ತದೆ, ಹೊಲಿಗೆ ಮೆಶಿನಿನ ಎಣ್ಣೆಯೇ ಒಳ್ಳೆಯದು. ಕೇಪಿನ ಕೋವಿ ಇರುವವರು ಈಡು ಹೊಡೆದ ಮೇಲೆ ಬಿಸಿನೀರಲ್ಲಿ ನಳಿಗೆ ತೊಳೆಯದಿದ್ದರೆ ಎರಡು ದಿನದಲ್ಲಿ ತುಕ್ಕು. ಲೈಸನ್ಸ್ ನವೀಕರಣಕ್ಕೆ ಯಾರು ಯಾವಾಗ ಹೋಗುತ್ತಾರೆ, ಜೊತೆಗೆ ಹೋಗುವುದಾ?

ಕೋವಿಗಳೂ ಎರಡು ತರ. ಬಡವರ ಮನೆಯಲ್ಲಿ ಕೇಪಿನ ಕೋವಿ. ಬಾಯಿಯ ಕಡೆಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಚರೆ ಹಾಕಿ, ಮತ್ತೆ ನಾರು ತುರುಕಿ, ಸರಳಿನಿಂದ ಜಡಿದು, ಹಿಂದೆ ಕೇಪು ಇಟ್ಟು ಹೊಡೆಯುವುದು. ಒಂದು ಈಡು ತಪ್ಪಿದರೆ ಇನ್ನೊಂದಕ್ಕೆ ತಯಾರಾಗುವಷ್ಟರಲ್ಲಿ ಹಂದಿ ಗುಡ್ಡೆ ದಾಟಿರುತ್ತದೆ. ಸ್ವಲ್ಪ ಅನುಕೂಲ ಇದ್ದವರಲ್ಲಿ ಹನ್ನೆರಡು ಬೋರಿನ ತೋಟೆ ಕೋವಿ, ಒಂಟಿ ನಳಿಗೆಯದ್ದು ಅಥವಾ ಜೋಡಿ ನಳಿಗೆಯದ್ದು. 'ಹನ್ನೆರಡು' ಎಂದರೆ ಏನೆಂದು ನನಗೆ ಹೇಳಿಕೊಟ್ಟದ್ದು ಆ ಬೆಂಚಿನವರೇ: ಒಂದು ಪೌಂಡು ಸೀಸವನ್ನು ಹನ್ನೆರಡು ಸಮನಾದ ಗುಂಡು ಮಾಡಿದರೆ ಒಂದು ಗುಂಡು ಎಷ್ಟು ದಪ್ಪವೋ, ಅಷ್ಟು ನಳಿಗೆಯ ಅಗಲ.

ಈಗ ಪುಸ್ತಕಕ್ಕೆ ಬರುತ್ತೇನೆ. ಮೊದಲನೆಯದು 1954ರದ್ದು, ಅಜ್ಜನ ಹೆಸರಿನಲ್ಲಿ. ಮೊಹರು ಸೌತ್ ಕೆನರಾ ಜಿಲ್ಲೆಯದ್ದು. ಆಗ ಕಾಸರಗೋಡು ತಾಲೂಕು ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಭಾಗ. ಕಾನೂನು ಬ್ರಿಟಿಷರ 1878ರ ಆಯುಧ ಕಾಯ್ದೆ. ಪಕ್ಕದ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಭೂಮಿ ಇದ್ದವರಿಗೂ ಲೈಸನ್ಸಿನಿಂದ ವಿನಾಯಿತಿ ಇತ್ತು, ಈಗಲೂ ಇದೆ. ಅಲ್ಲಿ ಕೋವಿ ಮನೆತನದ ಗೌರವ, ಅದಕ್ಕೆ ಪೂಜೆಯೂ ಉಂಟು. ಘಟ್ಟದ ಕೆಳಗಿನ ನಮಗೆ ಅಂಥ ಗೌರವವೂ ಇಲ್ಲ, ವಿನಾಯಿತಿಯೂ ಇಲ್ಲ. ನಮ್ಮ ಕೋವಿ ಅರ್ಜಿ ಕೊಟ್ಟು, ಕಾರಣ ಹೇಳಿ ಪಡೆದದ್ದು. ಕಾರಣ ಒಂದೇ: ಕೃಷಿ ರಕ್ಷಣೆ. ಮಂಗ ಎಳನೀರು ಕೆಡವುತ್ತದೆ, ಹಂದಿ ಮರಗೆಣಸು ಅಗೆಯುತ್ತದೆ, ಮುಳ್ಳುಹಂದಿ ಸಸಿಯ ಬುಡ ಕೊರೆಯುತ್ತದೆ.

ಆ ಪುಸ್ತಕದೊಳಗೆ ಮಡಚಿಟ್ಟ ಒಂದು ಕನ್ನಡ ಕಾಗದ ಇತ್ತು. ಪಕ್ಕದ ತೋಟದ ಭಟ್ಟರು ತಮ್ಮ ಒಂಟಿ ನಳಿಗೆಯ ಕೋವಿಯನ್ನು ಅಜ್ಜನಿಗೆ ಮಾರಿದ ಬಗ್ಗೆ ಬರೆದುಕೊಟ್ಟ ಚೀಟಿ. ಕೋವಿಯ ನಂಬ್ರ, ಇಬ್ಬರ ಲೈಸನ್ಸಿನ ನಂಬ್ರ, ಕೊಟ್ಟ ಹಣ, ಇಬ್ಬರು ಸಾಕ್ಷಿಗಳ ರುಜು. ಈ ವ್ಯಾಪಾರದ ಕಥೆಯನ್ನು ಉಪ್ಪ ಹೇಳುತ್ತಿದ್ದರು. ಭಟ್ಟರ ಮನೆಯಲ್ಲಿ ಕೋವಿ ಇದ್ದದ್ದು ಶಬ್ದ ಮಾಡಿ ಮಂಗ ಓಡಿಸಲಿಕ್ಕೆ. ವಯಸ್ಸಾಗಿ ಅದು ಕೂಡ ಬೇಡವಾಯಿತು. ಮಂಗಳೂರಿನ ಅಂಗಡಿಯವರು ಹೆಚ್ಚು ಹಣ ಕೊಡಲು ತಯಾರಿದ್ದರು. ಆದರೂ ಭಟ್ಟರು ಅಜ್ಜನನ್ನು ಕರೆದರು. ಅವರ ಸಂಬಂಧಿಕರೊಬ್ಬರು "ಬ್ಯಾರಿಗೆ ಯಾಕೆ ಕೋವಿ ಕೊಡುವುದು?" ಎಂದು ಕೇಳಿದರಂತೆ. ಭಟ್ಟರ ಉತ್ತರ: "ಬ್ಯಾರಿಯ ತೋಟಕ್ಕೆ ಬರುವ ಹಂದಿಯೇ ನನ್ನ ತೋಟಕ್ಕೆ ಬರುವುದು. ಅವರು ಅಲ್ಲಿ ಹೊಡೆದರೆ ಇಲ್ಲಿ ನನಗೆ ನಿದ್ರೆ."

ಇದರಲ್ಲಿ ಸೌಹಾರ್ದದ ಭಾಷಣ ಇಲ್ಲ, ಲೆಕ್ಕಾಚಾರ ಉಂಟು. ಆದರೆ ಆ ಲೆಕ್ಕಾಚಾರದೊಳಗೆ ಒಂದು ನಂಬಿಕೆ ಇದೆ. ಅಜ್ಜ ಹೊಡೆದ ಹಂದಿಯನ್ನು ನಮ್ಮ ಮನೆಯವರು ಮುಟ್ಟುವಂತಿಲ್ಲ, ಭಟ್ಟರ ಮನೆಯವರೂ ಮುಟ್ಟುವುದಿಲ್ಲ. ತಿನ್ನುವವರು ಬಂದು ಹೊತ್ತುಕೊಂಡು ಹೋಗಿ ಪಾಲು ಮಾಡಿಕೊಳ್ಳುತ್ತಿದ್ದರು. ಮೊಲ ಸಿಕ್ಕಿದರೆ ಮಾತ್ರ ಅಜ್ಜ ಬಿಸ್ಮಿ ಹೇಳಿ, ಜೀವ ಹೋಗುವ ಮೊದಲು ಕೊಯ್ಯಲು ಕತ್ತಿ ಹಿಡಿದು ಓಡುತ್ತಿದ್ದರು. ತಡವಾದರೆ ಅದೂ ಬೇರೆಯವರಿಗೆ. ಈಡು ಒಂದು ಮನೆಯದ್ದು, ತೋಟ ಇನ್ನೊಂದು ಮನೆಯದ್ದು, ಮಾಂಸ ಮೂರನೆಯವರದ್ದು.

ಎಲ್ಲವೂ ಚಂದವಿತ್ತೆಂದು ನಾನು ಬರೆಯುವುದಿಲ್ಲ. ಲೈಸನ್ಸ್ ಇಲ್ಲದ ಕಳ್ಳಕೋವಿಗಳೂ ಇದ್ದವು. ಕೃಷಿ ರಕ್ಷಣೆಯ ಹೆಸರಿನಲ್ಲಿ ಬರಿಂಕ, ಕಾಡುಕೋಳಿ ಎಷ್ಟೋ ಸತ್ತಿವೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೂ ಕೆಲವರು ನಿಲ್ಲಿಸಲಿಲ್ಲ. ಒಮ್ಮೆ ರಾತ್ರಿ ಗುಂಪಿನಲ್ಲಿ ಹಂದಿಗೆ ಹೋದಾಗ ಪೊದೆ ಅಲುಗಿತೆಂದು ಒಬ್ಬರು ಈಡು ಹೊಡೆದರು. ಪೊದೆಯ ಹಿಂದೆ ಇದ್ದದ್ದು ನಮ್ಮವರೇ ಒಬ್ಬರು. ಕಾಲಿಗೆ ಚರೆ ಹೊಕ್ಕಿತು, ಜೀವ ಉಳಿಯಿತು. ಅಂದಿನಿಂದ ಅಜ್ಜ ಗುಂಪು ಬೇಟೆಗೆ ಹೋಗಲಿಲ್ಲ. "ಕಣ್ಣಿಗೆ ಕಾಣದ್ದಕ್ಕೆ ಬೆಡಿ ಇಲ್ಲ" ಎಂಬುದು ನಮ್ಮ ಮನೆಯ ನಿಯಮವಾಯಿತು. ತೋಟೆ ಸಾಲ ಕೇಳಿದರೂ ಅಜ್ಜ ಕೊಡುತ್ತಿರಲಿಲ್ಲ. ಲೈಸನ್ಸಿನಲ್ಲಿ ಒಂದು ಸಲಕ್ಕೆ ಎಷ್ಟು ತೋಟೆ, ವರ್ಷಕ್ಕೆ ಎಷ್ಟು ಎಂದು ಬರೆದಿರುತ್ತದೆ. ಎರಡು ತೋಟೆಯ ಲೆಕ್ಕ ತಪ್ಪಿದರೆ ಉತ್ತರ ಹೇಳಬೇಕಾದದ್ದು ಪುಸ್ತಕ ಇದ್ದವರು.

ಮೊದಲ ಪುಸ್ತಕದ ನಡುವಿನಲ್ಲೇ ಮೊಹರು ಬದಲಾಗುತ್ತದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಮೊದಲು ಮಲಬಾರ್ ಜಿಲ್ಲೆಯಲ್ಲಿದ್ದು, 1957ರ ಜನವರಿಯಲ್ಲಿ ಮಲಬಾರ್ ಒಡೆದಾಗ ಕಣ್ಣೂರು ಜಿಲ್ಲೆಯಾಯಿತು. ಚರಿತ್ರೆಯ ಪುಸ್ತಕದಲ್ಲಿ ಇದು ಒಂದು ಸಾಲು. ಕೋವಿಯ ಪುಸ್ತಕದಲ್ಲಿ ಇದು ಅಜ್ಜನ ಕಾಲಿನ ನೋವು. ಅದುವರೆಗೆ ಅಡಿಕೆ ಹೇರಿಕೊಂಡು ಮಂಗಳೂರಿಗೆ ಹೋದರೆ ಅಡಿಕೆ ಮಾರಿ, ಕಚೇರಿ ಕೆಲಸ ಮುಗಿಸಿ, ಎಲಿ ಕಂಪೆನಿಯ ತೋಟೆ ಕೊಂಡು ಒಂದೇ ಪ್ರಯಾಣದಲ್ಲಿ ಬರಬಹುದಿತ್ತು. ಆಮೇಲೆ ಅಡಿಕೆ ಮಂಗಳೂರಿಗೆ, ಮೊಹರಿಗೆ ಕಣ್ಣೂರಿಗೆ. ಮಂಗಳೂರಿಗಿಂತ ಕಣ್ಣೂರು ನಮಗೆ ಇಮ್ಮಡಿ ದೂರ, ನೂರು ಕಿಲೋಮೀಟರಿಗೂ ಮಿಕ್ಕಿ. ಅಲ್ಲಿನ ಕಚೇರಿಯ ಮಲಯಾಳ ಅಜ್ಜನ ಬ್ಯಾರಿಗೆ ಹತ್ತಿರದ್ದೇ. ಆದರೆ ಜೊತೆಗೆ ಬಂದ ಭಟ್ಟರ ಮಗನಿಗೆ ಅರ್ಥವಾಗುತ್ತಿರಲಿಲ್ಲ. ಅಜ್ಜ ಅವರಿಗೆ ದುಭಾಷಿ. ಅರ್ಜಿ ಓದಿ ಬರೆಯಬೇಕಾದಾಗ ಮಾತ್ರ ಅಜ್ಜನೂ ಸೋಲುತ್ತಿದ್ದರು, ಏಕೆಂದರೆ ಅವರಿಗೆ ಬರುತ್ತಿದ್ದ ಅಕ್ಷರ ಕನ್ನಡ ಮತ್ತು ಅರಬಿ.

ಲೈಸನ್ಸಿನಲ್ಲಿ 'ಯಾವ ಪ್ರದೇಶಕ್ಕೆ ಸಿಂಧು' ಎಂಬ ಒಂದು ಕಾಲಂ ಇದೆ. 1956ರ ಮೊದಲು ಅದರ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಗಡಿ ಬಂದ ಮೇಲೆ ಮಂಗಳೂರು ಬೇರೆ ರಾಜ್ಯವಾಯಿತು. ಕೋವಿಯ ಸ್ಪ್ರಿಂಗ್ ಕೆಟ್ಟರೆ ರಿಪೇರಿಗೆ ಕೊಂಡುಹೋಗುವುದು ಹೇಗೆ? ಅಜ್ಜ ಅರ್ಜಿ ಹಾಕಿ ಆ ಕಾಲಮಿನಲ್ಲಿ ಮೈಸೂರು ರಾಜ್ಯದ ದಕ್ಷಿಣ ಕನ್ನಡ ಎಂದು ಸೇರಿಸಿಕೊಂಡರು. ಬೇರೆ ಶಾಯಿಯಲ್ಲಿ ಬರೆದ ಆ ಒಂದು ಸಾಲನ್ನು ನಾನು ಬಹಳ ಹೊತ್ತು ನೋಡಿದೆ. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು ವರದಿ ಕೊಟ್ಟಾಗ ಹೋಟೆಲಿನ ಬೆಂಚಿನಲ್ಲಿ "ಇನ್ನು ಮೊಹರು ಮಂಗಳೂರಿನಲ್ಲೇ" ಎಂದು ಖುಷಿಪಟ್ಟವರಿದ್ದರಂತೆ. ವರದಿ ಜಾರಿಯಾಗಲಿಲ್ಲ.

ಎರಡನೆಯ ಪುಸ್ತಕ ಹೊಸ ಕಾನೂನಿನದ್ದು. 1959ರ ಆಯುಧ ಕಾಯ್ದೆ 1962ರ ಅಕ್ಟೋಬರ್ 1ರಿಂದ ಜಾರಿಗೆ ಬಂತು. ಕೃಷಿ ರಕ್ಷಣೆಗೆ ಕೇಪಿನ ಕೋವಿ, ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ತೋಟೆ ಕೋವಿ ಎಂಬುದು ಈ ಕಾಯ್ದೆಯಲ್ಲೇ ಇದೆ. ಕೈಯಿಂದ ಕೈಗೆ ಮಾರುವುದಕ್ಕೂ ಕ್ರಮ ಇದೆ. ಈಗಿನ ನಿಯಮದಂತೆ ಖಾಸಗಿಯಾಗಿ ಮಾರುವವರು ಮೊದಲು ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಠಾಣೆಗೋ ಬರೆದು ತಿಳಿಸಿ, 45 ದಿನ ಕಳೆದ ಮೇಲಷ್ಟೇ ಕೊಡಬೇಕು. ಕೊಳ್ಳುವವರಿಗೆ ಲೈಸನ್ಸ್ ಇರಲೇಬೇಕು. ಎರಡನೆಯ ಪುಸ್ತಕದ ಕೊನೆಯಲ್ಲಿ ಅಜ್ಜನ ಹೆಸರು ಹೋಗಿ ಉಪ್ಪನ ಹೆಸರು ಬರುತ್ತದೆ.

ಮೂರನೆಯದರಲ್ಲಿ ಕಾಸರಗೋಡು ಜಿಲ್ಲೆಯ ಮೊಹರು. 1984ರ ಮೇ 24ರಂದು ಜಿಲ್ಲೆಯಾದ ಮೇಲೆ ವಿದ್ಯಾನಗರದ ಕಲೆಕ್ಟರೇಟಿನಲ್ಲೇ ಕೆಲಸ ಆಗುತ್ತಿತ್ತು. ಈ ಪುಸ್ತಕದ ಜೊತೆ ಪಿನ್ನು ಹಾಕಿದ ರಶೀದಿಗಳ ಒಂದು ಕಟ್ಟು ಇದೆ, ಎಲ್ಲವೂ ಚುನಾವಣೆಗಳದ್ದು. ಪಂಚಾಯತು, ವಿಧಾನಸಭೆ, ಲೋಕಸಭೆ, ಯಾವುದೇ ಚುನಾವಣೆ ಬಂದರೂ ಕೋವಿ ಠಾಣೆಗೆ. ಉಪ್ಪ ಪ್ರತಿ ಸಲ ಗೊಣಗುತ್ತಾ ಹೋಗುತ್ತಿದ್ದರು: "ಹಂದಿಗೆ ಚುನಾವಣೆ ಉಂಟಾ?" ಕೋವಿ ತಿರುಗಿ ಬರುವಷ್ಟರಲ್ಲಿ ಮರಗೆಣಸಿನ ಸಾಲು ಮುಗಿದಿರುತ್ತಿತ್ತು.

ಈಗ ಬೆಂಚು ಖಾಲಿಯಾಗಿದೆ. ಮಕ್ಕಳು ಗಲ್ಫಿಗೆ, ಬೆಂಗಳೂರಿಗೆ ಹೋದರು. ನವೀಕರಣಕ್ಕೆ ಓಡಾಡಲು ಯಾರಿಗೂ ಪುರುಸೊತ್ತಿಲ್ಲ. ಆದರೆ ಕಾಟ್‌ಪನ್ನಿ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. 2022ರ ಮೇ ತಿಂಗಳಲ್ಲಿ ಕೇರಳ ಸರಕಾರ ಬೆಳೆ ನಾಶ ಮಾಡುವ ಹಂದಿಯನ್ನು ಕೊಲ್ಲಲು ಅನುಮತಿ ಕೊಡುವ ಅಧಿಕಾರವನ್ನು ಪಂಚಾಯತು ಅಧ್ಯಕ್ಷರಿಗೆ ಕೊಟ್ಟಿತು. ವಿಷ, ಸ್ಫೋಟಕ, ಕರೆಂಟು ಕೂಡದು, ಲೈಸನ್ಸ್ ಕೋವಿಯವರೇ ಹೊಡೆಯಬೇಕು, ಹೊಡೆದದ್ದನ್ನು ಹೂಳಬೇಕು. ಅಂದರೆ ಅಜ್ಜಂದಿರ ಕಾಲದಲ್ಲಿ ಊರು ತಾನಾಗಿ ಮಾಡುತ್ತಿದ್ದ ಕೆಲಸಕ್ಕೆ ಈಗ ಆದೇಶ ಬಂತು. ಮಾಡುವವರು ಮಾತ್ರ ಉಳಿಯಲಿಲ್ಲ.

ನಾನು ಮಂಗಳೂರಿನಲ್ಲಿ ಕೆಲಸದಲ್ಲಿರುವವನು. ನನ್ನ ವಿಳಾಸ, ಆಧಾರ್ ಎಲ್ಲವೂ ಕರ್ನಾಟಕದ್ದು. ತೋಟ ಕಾಯಲು ಊರಿನಲ್ಲಿ ಇರದವನು ಕೃಷಿ ರಕ್ಷಣೆಗೆ ಕೋವಿ ಬೇಕೆಂದು ಹೇಳುವುದು ಸುಳ್ಳಾಗುತ್ತದೆ. ಹಾಗಾಗಿ ಮಾರುವುದೆಂದು ತಂಗಿಯರ ಜೊತೆ ಮಾತಾಡಿ ನಿಶ್ಚಯ ಮಾಡಿದೆ. ಹಳೆಯ ಸಾಮಾನು ಕೂಡಿಹಾಕುವ ಒಬ್ಬರು ಒಳ್ಳೆಯ ಹಣ ಹೇಳಿದರು, ಅವರಿಗೆ ಗೋಡೆಗೆ ನೇತುಹಾಕಲು ಬೇಕು. ನಮ್ಮ ತೋಟದ ಕೆಳಗಿನ ಮನೆಯವರೂ ಕೇಳಿದರು. ಅವರು ಮರಾಟಿಗರು, ಕೇಪಿನ ಕೋವಿಯ ಲೈಸನ್ಸ್ ಇದೆ, ಪಂಚಾಯತಿನ ಪಟ್ಟಿಯಲ್ಲಿ ಹೆಸರಿದೆ. ಹೇಳಿದ ಹಣ ಅರ್ಧ.

ನಮ್ಮವರೇ ಒಬ್ಬರು ನನ್ನನ್ನು ಪಳ್ಳಿಯ ಹೊರಗೆ ಬದಿಗೆ ಕರೆದು, "ಈಗಿನ ಕಾಲದಲ್ಲಿ ಕೋವಿಯನ್ನು ಅವರಿಗೆ ಯಾಕೆ ಕೊಡುವುದು?" ಎಂದು ಕೇಳಿದರು. ಅವರ ಮುಖದಲ್ಲಿ ಇದ್ದದ್ದು ದ್ವೇಷ ಅಲ್ಲ, ಹೆದರಿಕೆ. ಅದನ್ನು ನಾನು ತಳ್ಳಿಹಾಕಲಿಲ್ಲ. ಭಟ್ಟರ ಸಂಬಂಧಿಕರಿಗೂ ಅಂದು ಇದ್ದದ್ದು ಅದೇ ಇರಬಹುದು. ನನಗೆ ಬೇರೆ ಉತ್ತರ ಹೊಳೆಯಲಿಲ್ಲ. "ಅವರ ತೋಟಕ್ಕೆ ಬರುವ ಹಂದಿಯೇ ಉಮ್ಮನ ತೋಟಕ್ಕೆ ಬರುವುದು ಕಾಕಾ" ಎಂದೆ.

ಕೋವಿಯನ್ನು ತಮ್ಮ ಲೈಸನ್ಸಿಗೆ ಸೇರಿಸಿಕೊಳ್ಳಲು ಅವರು ಅರ್ಜಿ ಕೊಟ್ಟಿದ್ದಾರೆ. ಕೋವಿ ಇನ್ನೂ ಠಾಣೆಯಲ್ಲಿದೆ. ಉತ್ತರ ಬರುವವರೆಗೆ ಕಾಯಬೇಕು. ಅವರು ಒಂದು ಮಾತು ಕೇಳಿದ್ದಾರೆ: ಭಟ್ಟರ ಚೀಟಿಯ ನಕಲು ಬೇಕಂತೆ, ಕೋವಿಯ ಜೊತೆ ಇಡಲಿಕ್ಕೆ. ತೆಗೆಸಿ ಕೊಟ್ಟೆ.

ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯ ಅಟ್ಟದಲ್ಲೂ ಇಂಥ ಲೈಸನ್ಸ್ ಪುಸ್ತಕ, ಚೀಟಿ, ರಶೀದಿ ಇದ್ದರೆ ಕಸಕ್ಕೆ ಹಾಕಬೇಡಿ, ಒಂದು ನಕಲನ್ನಾದರೂ ತೆಗೆದಿಡಿ. ಗಡಿ ಎಲ್ಲಿ ಹಾದುಹೋಯಿತೆಂದು ನಕ್ಷೆ ಹೇಳುತ್ತದೆ. ಆ ಗಡಿಯಲ್ಲಿ ಯಾರು ಯಾರನ್ನು ನಂಬಿದರು ಎಂಬುದು ಇಂಥ ಕಾಗದಗಳಲ್ಲಿ ಮಾತ್ರ ಉಳಿದಿದೆ.